ಕಂಪೈಲ್ ಆಗುತ್ತೆ, ರನ್ ಆಗಲ್ಲ: ಕೋಟ್ಲಿನ್ ಇಂಟರ್‌ಫೇಸ್, ಡಿಫಾಲ್ಟ್ ಮೆಥಡ್ ಮತ್ತು ಹಳೆಯ ಜಾರ್‌ಗಳು

[ಸ್ಕ್ರೀನ್ ಮೇಲೆ: ಕೆಂಪು ಅಕ್ಷರದಲ್ಲಿ "ಅಬ್‌ಸ್ಟ್ರಾಕ್ಟ್‌ಮೆಥಡ್‌ಎರರ್"]

ನಮಸ್ಕಾರ. ಈ ಎರರ್ ನೋಡಿ. ಕಂಪೈಲರ್ ತುಟಿ ಬಿಚ್ಚಲಿಲ್ಲ. ಟೆಸ್ಟ್‌ಗಳೆಲ್ಲ ಪಾಸ್. ಲೈಬ್ರರಿಯ ಹೊಸ ಜಾರ್ (ಕಂಪೈಲ್ ಆದ ಕೋಡ್‌ನ ಕಟ್ಟು) ಹಾಕಿದ ಮೇಲೆ ಪ್ರೋಗ್ರಾಂ ಮಾತ್ರ ನಡುದಾರಿಯಲ್ಲಿ ಕೈಕೊಟ್ಟಿತು.

ಲೈಬ್ರರಿ ಬರೆದವರು ಮಾಡಿದ್ದು ಇಷ್ಟೇ. ಒಂದು ಕೋಟ್ಲಿನ್ ಇಂಟರ್‌ಫೇಸ್‌ಗೆ ಹೊಸ ಮೆಥಡ್ ಸೇರಿಸಿದರು. ಇಂಟರ್‌ಫೇಸ್ ಅಂದರೆ ಕ್ಲಾಸ್‌ಗಳು ಕೊಡಬೇಕಾದ ಮೆಥಡ್‌ಗಳ ಪಟ್ಟಿ. ಹೊಸ ಮೆಥಡ್‌ಗೆ ಬಾಡಿ, ಅಂದರೆ ಓಡುವ ಕೋಡ್ ಕೂಡ ಬರೆದರು. ಬಾಡಿ ಇರುವ ಮೆಥಡ್ ಅನ್ನು ಜೆವಿಎಂ (ಜಾವಾ, ಕೋಟ್ಲಿನ್ ಪ್ರೋಗ್ರಾಂಗಳನ್ನು ಓಡಿಸುವ ವರ್ಚುವಲ್ ಮಷೀನ್) ಅಬ್‌ಸ್ಟ್ರಾಕ್ಟ್ (ಬಾಡಿ ಇಲ್ಲದ್ದು) ಅಂತ ಯಾಕೆ ಕರೆಯುತ್ತದೆ? ಇದಕ್ಕೆ ಉತ್ತರ ಒಂದು ಕಂಪೈಲರ್ ಆಪ್ಷನ್‌ನಲ್ಲಿದೆ. ಲೈಬ್ರರಿ ಬರೆಯುವ ಪ್ರತಿಯೊಬ್ಬರೂ ಇದನ್ನು ಒಮ್ಮೆಯಾದರೂ ಕೂತು ಅರ್ಥ ಮಾಡಿಕೊಳ್ಳಲೇಬೇಕು. ಯಾಕೆಂದರೆ ಇಲ್ಲಿ ಏಟು ಬೀಳುವುದು ನಮಗಲ್ಲ, ನಮ್ಮ ಲೈಬ್ರರಿ ನಂಬಿದವರಿಗೆ.

[ಸ್ಕ್ರೀನ್ ಮೇಲೆ: 2014, ಜಾವಾ 8. 2016, ಕೋಟ್ಲಿನ್ 1.0]

ಇಂಟರ್‌ಫೇಸ್ ಒಳಗೇ ಬಾಡಿ ಇರುವ ಮೆಥಡ್ ಜಾವಾಗೆ ಬಂದದ್ದು 2014ರಲ್ಲಿ, ಜಾವಾ 8ರ ಜೊತೆ. ಕಾರಣ ತುಂಬಾ ವ್ಯಾವಹಾರಿಕ. ಕಲೆಕ್ಷನ್ ಇಂಟರ್‌ಫೇಸ್‌ಗೆ ಸ್ಟ್ರೀಮ್, ಇಟರಬಲ್‌ಗೆ ಫಾರ್‌ಈಚ್ ಸೇರಿಸಬೇಕಿತ್ತು. ಬಾಡಿ ಇಲ್ಲದೆ ಸೇರಿಸಿದ್ದರೆ, ಆವರೆಗೆ ಜನ ಬರೆದಿದ್ದ ಕಲೆಕ್ಷನ್ ಕ್ಲಾಸ್‌ಗಳಲ್ಲಿ ಆ ಮೆಥಡ್‌ಗಳೇ ಇರುತ್ತಿರಲಿಲ್ಲ. ಹಾಗಾಗಿ ಡಿಫಾಲ್ಟ್ ಮೆಥಡ್ ಬಂತು. ಕ್ಲಾಸ್‌ನಲ್ಲಿ ಮೆಥಡ್ ಸಿಗದಿದ್ದರೆ ಜೆವಿಎಂ ಇಂಟರ್‌ಫೇಸ್‌ನಲ್ಲಿರುವುದನ್ನೇ ಎತ್ತಿಕೊಳ್ಳುತ್ತದೆ.

ಕೋಟ್ಲಿನ್ 1.0 ಬಂದದ್ದು 2016ರಲ್ಲಿ. ಆಗ ಅದು ಜಾವಾ 6ರ ಮೇಲೂ ಓಡಬೇಕಿತ್ತು. ಜಾವಾ 6ಕ್ಕೆ ಡಿಫಾಲ್ಟ್ ಮೆಥಡ್ ಗೊತ್ತೇ ಇಲ್ಲ. ಆದರೆ ಕೋಟ್ಲಿನ್‌ನಲ್ಲಿ ಮೊದಲಿನಿಂದಲೂ ಇಂಟರ್‌ಫೇಸ್ ಒಳಗೆ ಬಾಡಿ ಬರೆಯಬಹುದು. ಹಾಗಾದರೆ ಆ ಬಾಡಿಯನ್ನು ಎಲ್ಲಿ ಇಡುವುದು?

[ಸ್ಕ್ರೀನ್ ಮೇಲೆ: ಲಾಗರ್ ಇಂಟರ್‌ಫೇಸ್, ಪಕ್ಕದಲ್ಲಿ ಡಿಫಾಲ್ಟ್‌ಇಂಪ್ಲ್ಸ್ ಕ್ಲಾಸ್]

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ನಮ್ಮ ಲೈಬ್ರರಿಯಲ್ಲಿ ಲಾಗರ್ ಅನ್ನುವ ಇಂಟರ್‌ಫೇಸ್ ಇದೆ. 1.0 ಆವೃತ್ತಿಯಲ್ಲಿ ಅದರೊಳಗೆ ಲಾಗ್ ಅನ್ನುವ ಒಂದೇ ಮೆಥಡ್. 1.1ರಲ್ಲಿ ವಾರ್ನ್ ಸೇರಿಸುತ್ತೇವೆ, ಬಾಡಿ ಸಮೇತ. ಹಳೆಯ ರೀತಿಯಲ್ಲಿ ಕೋಟ್ಲಿನ್ ಕಂಪೈಲರ್ ಹೀಗೆ ಮಾಡುತ್ತದೆ. ಇಂಟರ್‌ಫೇಸ್‌ನಲ್ಲಿ ವಾರ್ನ್ ಅನ್ನು ಅಬ್‌ಸ್ಟ್ರಾಕ್ಟ್ ಆಗಿಯೇ ಬಿಡುತ್ತದೆ. ಬಾಡಿಯನ್ನು ಡಿಫಾಲ್ಟ್‌ಇಂಪ್ಲ್ಸ್ ಅನ್ನುವ ಒಳಗಿನ ಕ್ಲಾಸ್‌ನಲ್ಲಿ ಸ್ಟ್ಯಾಟಿಕ್ (ಆಬ್ಜೆಕ್ಟ್ ಇಲ್ಲದೆಯೇ ಕರೆಯಬಹುದಾದ) ಮೆಥಡ್ ಆಗಿ ಇಡುತ್ತದೆ. ಆಮೇಲೆ ಲಾಗರ್ ಅನ್ನು ಇಂಪ್ಲಿಮೆಂಟ್ ಮಾಡುವ ಪ್ರತಿ ಕೋಟ್ಲಿನ್ ಕ್ಲಾಸ್‌ಗೂ ಒಂದು ಪುಟ್ಟ ವಾರ್ನ್ ಮೆಥಡ್ ತುರುಕುತ್ತದೆ. ಅದು ಡಿಫಾಲ್ಟ್‌ಇಂಪ್ಲ್ಸ್ ಅನ್ನು ಕರೆಯುತ್ತದೆ. ಇದಕ್ಕೆ ಬ್ರಿಡ್ಜ್ ಅನ್ನುತ್ತಾರೆ.

ಈ ಬ್ರಿಡ್ಜ್ ತುರುಕುವ ಕೆಲಸ ಆಗುವುದು ಯಾವಾಗ? ಇಂಪ್ಲಿಮೆಂಟ್ ಮಾಡುವ ಕ್ಲಾಸ್ ಕಂಪೈಲ್ ಆಗುವಾಗ. ಇಡೀ ಕಥೆಯ ಗಂಟು ಇರುವುದು ಇಲ್ಲೇ.

ಬೇರೆ ಯಾರೋ ನಮ್ಮ 1.0 ನೋಡಿ ಫೈಲ್‌ಲಾಗರ್ ಅನ್ನುವ ಕ್ಲಾಸ್ ಬರೆದು ಜಾರ್ ಮಾಡಿಟ್ಟಿದ್ದಾರೆ. ಅದರಲ್ಲಿ ವಾರ್ನ್‌ಗೆ ಬ್ರಿಡ್ಜ್ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಈಗ ಆ ಹಳೆಯ ಜಾರ್ ಪಕ್ಕದಲ್ಲಿ ನಮ್ಮ 1.1 ಬಂದು ಕೂತಿತು. ನಮ್ಮ ಕೋಡ್ ವಾರ್ನ್ ಅನ್ನು ಕರೆಯಿತು. ಫೈಲ್‌ಲಾಗರ್‌ನಲ್ಲಿ ಇಲ್ಲ, ಇಂಟರ್‌ಫೇಸ್‌ನಲ್ಲಿ ಇರುವುದು ಅಬ್‌ಸ್ಟ್ರಾಕ್ಟ್. ಶುರುವಿನಲ್ಲಿ ತೋರಿಸಿದ ಎರರ್ ಬರುವುದು ಹೀಗೆ.

ನಮ್ಮ ಟೆಸ್ಟ್‌ನಲ್ಲಿ ಇದು ಸಿಕ್ಕಿಬೀಳುವುದಿಲ್ಲ. ನಮ್ಮ ಪ್ರಾಜೆಕ್ಟ್‌ನಲ್ಲಿ ಎಲ್ಲವೂ ಒಟ್ಟಿಗೇ ಕಂಪೈಲ್ ಆಗುತ್ತದೆ ಅಲ್ವಾ? ಸೋರ್ಸ್ ಮಟ್ಟದಲ್ಲಿ ಎಲ್ಲ ಸರಿ ಇದೆ. ಮುರಿದಿರುವುದು ಬೈನರಿ ಮಟ್ಟದ ಹೊಂದಾಣಿಕೆ. ಅಂದರೆ, ಮತ್ತೆ ಕಂಪೈಲ್ ಮಾಡದ ಹಳೆಯ ಕ್ಲಾಸ್ ಫೈಲ್ ಹೊಸ ಜಾರ್ ಜೊತೆ ಓಡುತ್ತದೋ ಇಲ್ಲವೋ ಅನ್ನುವ ಪ್ರಶ್ನೆ.

[ಸ್ಕ್ರೀನ್ ಮೇಲೆ: ಮೂರು ಆಯ್ಕೆ. ಡಿಸೇಬಲ್, ಎನೇಬಲ್, ನೋ-ಕಂಪ್ಯಾಟಿಬಿಲಿಟಿ]

ಈಗ ಆಪ್ಷನ್‌ಗೆ ಬರೋಣ. ಕೋಟ್ಲಿನ್ 2.2ರಿಂದ ಇದರ ಹೆಸರು "ಜೆವಿಎಂ-ಡಿಫಾಲ್ಟ್". ಮೊದಲು ಇದೇ ಹೆಸರಿನ ಮುಂದೆ ಎಕ್ಸ್ ಅಕ್ಷರ ಇತ್ತು. ನಾವು ಇಷ್ಟು ಹೊತ್ತು ನೋಡಿದ ಹಳೆಯ ರೀತಿಯೇ ಡಿಸೇಬಲ್. 2.2ರಿಂದ ಏನೂ ಬರೆಯದಿದ್ದರೆ ಸಿಗುವುದು ಎನೇಬಲ್. ನಿಮ್ಮ ಬಿಲ್ಡ್ ಫೈಲ್‌ನಲ್ಲಿ ಹಳೆಯ "ಆಲ್-ಕಂಪ್ಯಾಟಿಬಿಲಿಟಿ" ಇದ್ದರೆ ಅದನ್ನು ಎನೇಬಲ್ ಮಾಡಿ. ಬರೀ "ಆಲ್" ಇದ್ದರೆ ನೋ-ಕಂಪ್ಯಾಟಿಬಿಲಿಟಿ ಮಾಡಿ.

ಮೊದಲು ನೋ-ಕಂಪ್ಯಾಟಿಬಿಲಿಟಿ. ಇದು ಸ್ವಚ್ಛವಾದ ದಾರಿ. ಬಾಡಿ ನೇರವಾಗಿ ಇಂಟರ್‌ಫೇಸ್‌ನಲ್ಲೇ, ನಿಜವಾದ ಜೆವಿಎಂ ಡಿಫಾಲ್ಟ್ ಮೆಥಡ್ ಆಗಿ. ಡಿಫಾಲ್ಟ್‌ಇಂಪ್ಲ್ಸ್ ಇಲ್ಲ, ಬ್ರಿಡ್ಜ್ ಇಲ್ಲ, ಜಾರ್ ಚಿಕ್ಕದಾಗುತ್ತದೆ. ನಮ್ಮ ಇಂಟರ್‌ಫೇಸ್ ಅನ್ನು ಜಾವಾದಲ್ಲಿ ಇಂಪ್ಲಿಮೆಂಟ್ ಮಾಡುವವರು ಬಾಡಿ ಇರುವ ಮೆಥಡ್‌ಗಳನ್ನೂ ಸುಮ್ನೆ ಮತ್ತೆ ಬರೆಯುವ ಗೋಳು ತಪ್ಪುತ್ತದೆ.

ಹಾಗಂತ ಹಳೆಯ ಲೈಬ್ರರಿಯಲ್ಲಿ ಇದನ್ನು ಒಂದೇ ಏಟಿಗೆ ಹಾಕಿದರೆ ಏನಾಗುತ್ತದೆ? ನಮ್ಮ 1.1 ಡಿಸೇಬಲ್‌ನಲ್ಲಿ ಹೋಗಿತ್ತು. ಫೈಲ್‌ಲಾಗರ್‌ನವರು ಅದರ ಮೇಲೆ ಮತ್ತೆ ಕಂಪೈಲ್ ಮಾಡಿದರು. ಈಗ ಅವರ ಕ್ಲಾಸ್‌ನಲ್ಲಿ ಡಿಫಾಲ್ಟ್‌ಇಂಪ್ಲ್ಸ್ ಅನ್ನು ಕರೆಯುವ ಬ್ರಿಡ್ಜ್ ಇದೆ. ನಾವು 1.2ರಲ್ಲಿ ಆ ಕ್ಲಾಸನ್ನೇ ತೆಗೆದುಬಿಟ್ಟೆವು. ವಾರ್ನ್ ಕರೆದ ತಕ್ಷಣ "ನೋಕ್ಲಾಸ್‌ಡೆಫ್‌ಫೌಂಡ್‌ಎರರ್". ಸೋರ್ಸ್‌ನಲ್ಲಿ ಒಂದು ಸಾಲೂ ಬದಲಾಗದೆ ಬರೀ ಒಂದು ಫ್ಲ್ಯಾಗ್‌ನಿಂದ ಇಷ್ಟೆಲ್ಲ ಆಗಬಹುದು.

ಎನೇಬಲ್ ಇರುವುದು ಇದಕ್ಕೇ. ಬಾಡಿ ಇಂಟರ್‌ಫೇಸ್‌ಗೆ ಹೋಗುತ್ತದೆ, ಡಿಫಾಲ್ಟ್‌ಇಂಪ್ಲ್ಸ್ ಕೂಡ ಉಳಿಯುತ್ತದೆ. ಇದರ ಒಳಗೆ ಒಂದು ಸೊಗಸಾದ ಕೆಲಸ ಇದೆ, ಹತ್ತಿರದಿಂದ ನೋಡೋಣ.

[ಸ್ಕ್ರೀನ್ ಮೇಲೆ: ಜಾವಾಪಿ (ಕ್ಲಾಸ್ ಫೈಲ್ ಒಳಗೇನಿದೆ ಅಂತ ತೋರಿಸುವ ಸಾಧನ) ಔಟ್‌ಪುಟ್, "ಆಕ್ಸೆಸ್$ವಾರ್ನ್$ಜೆಡಿ" ಸಾಲಿಗೆ ಹಳದಿ ಬಣ್ಣ]

ಉಳಿದಿರುವ ಡಿಫಾಲ್ಟ್‌ಇಂಪ್ಲ್ಸ್ ಒಳಗೆ ಈಗ ಏನಿರಬೇಕು? ಇಂಟರ್‌ಫೇಸ್‌ನ ವಾರ್ನ್ ಅನ್ನು ಕರೆದರೆ ಆಯ್ತಲ್ಲ ಅನಿಸಬಹುದು. ಆದರೆ ಮಾಮೂಲಿ ಕರೆ ಎಲ್ಲಿಗೆ ಹೋಗುತ್ತದೆ? ಆಬ್ಜೆಕ್ಟ್ ಯಾವ ಕ್ಲಾಸ್‌ನದೋ ಅಲ್ಲಿಗೆ, ಅಂದರೆ ಫೈಲ್‌ಲಾಗರ್‌ನ ಬ್ರಿಡ್ಜ್‌ಗೆ. ಬ್ರಿಡ್ಜ್ ಮತ್ತೆ ಡಿಫಾಲ್ಟ್‌ಇಂಪ್ಲ್ಸ್ ಅನ್ನು ಕರೆಯುತ್ತದೆ. ಅದು ಮತ್ತೆ ಬ್ರಿಡ್ಜ್ ಅನ್ನು. ಸ್ಟ್ಯಾಕ್ ತುಂಬಿ ಬೀಳುವವರೆಗೂ ಇದೇ ಸುತ್ತು.

ಹಾಗಾಗಿ ಕಂಪೈಲರ್ ಇಂಟರ್‌ಫೇಸ್ ಒಳಗೇ ಇನ್ನೊಂದು ಸ್ಟ್ಯಾಟಿಕ್ ಮೆಥಡ್ ಇಡುತ್ತದೆ. ಅದೇ ಈ ಹಳದಿ ಸಾಲು. ಅದು "ಇನ್‌ವೋಕ್‌ಸ್ಪೆಷಲ್" ಅನ್ನುವ ಜೆವಿಎಂ ಆದೇಶ ಬಳಸಿ ಇದೇ ಇಂಟರ್‌ಫೇಸ್‌ನ ಬಾಡಿಯನ್ನೇ ಕರೆಯುತ್ತದೆ, ಬೇರೆ ಕ್ಲಾಸ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹಳೆಯ ಬ್ರಿಡ್ಜ್ ಡಿಫಾಲ್ಟ್‌ಇಂಪ್ಲ್ಸ್‌ಗೆ ಬರುತ್ತದೆ, ಅಲ್ಲಿಂದ ಈ ಮೆಥಡ್‌ಗೆ, ಅಲ್ಲಿಂದ ಬಾಡಿಗೆ. ಹಳೆಯ ಜಾರ್‌ಗಾಗಿ ಕಂಪೈಲರ್ ಇಷ್ಟು ಜೋಪಾನವಾಗಿ ದಾರಿ ಮಾಡಿಕೊಟ್ಟಿದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಹಾಗಾದರೆ ಯಾವುದನ್ನು ಆರಿಸಬೇಕು? ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಜಾರ್ ನೋಡಿಕೊಂಡು ಬೇರೆಯವರು ಕಂಪೈಲ್ ಮಾಡಿದ್ದಾರಾ? ನೀವು ಬರೆಯುತ್ತಿರುವುದು ಆ್ಯಪ್ ಆದರೆ, ಎಲ್ಲ ಮಾಡ್ಯೂಲ್‌ಗಳೂ ಒಟ್ಟಿಗೇ ಬಿಲ್ಡ್ ಆಗುತ್ತಿದ್ದರೆ, ನೋ-ಕಂಪ್ಯಾಟಿಬಿಲಿಟಿ ಹಾಕಿಕೊಳ್ಳಿ. ಹೊಚ್ಚ ಹೊಸ ಲೈಬ್ರರಿಗೂ ಅದೇ ಸರಿ. ಈಗಾಗಲೇ ಜನ ಬಳಸುತ್ತಿರುವ ಲೈಬ್ರರಿಗೆ ಎನೇಬಲ್. ಡಿಸೇಬಲ್ ಅನ್ನು ಹೊಸದಾಗಿ ಆರಿಸಲು ನನಗಂತೂ ಕಾರಣ ಕಾಣುವುದಿಲ್ಲ.

ನಡುವಿನ ದಾರಿಯೂ ಇದೆ. ಎನೇಬಲ್ ಇರುವ ಲೈಬ್ರರಿಗೆ ಹೊಸ ಇಂಟರ್‌ಫೇಸ್ ಸೇರಿಸುವಾಗ ಅದಕ್ಕೆ "ಜೆವಿಎಂ‌ಡಿಫಾಲ್ಟ್‌ವಿದೌಟ್‌ಕಂಪ್ಯಾಟಿಬಿಲಿಟಿ" ಆನೊಟೇಷನ್ ಹಾಕಿ. ಅದಕ್ಕೆ ಹಳೆಯ ಬಳಕೆದಾರರೇ ಇಲ್ಲವಲ್ಲ, ಡಿಫಾಲ್ಟ್‌ಇಂಪ್ಲ್ಸ್ ಯಾಕೆ ಬೇಕು? ಉಲ್ಟಾ ಬೇಕಾದರೆ "ವಿತ್‌ಕಂಪ್ಯಾಟಿಬಿಲಿಟಿ" ಆನೊಟೇಷನ್ ಇದೆ.

ಡಿಫಾಲ್ಟ್ ಮೆಥಡ್ ಬಂದ ಮಾತ್ರಕ್ಕೆ ಎಲ್ಲ ಅಪಾಯ ಮುಗಿಯಲಿಲ್ಲ. ಒಂದು ಕ್ಲಾಸ್ ಎರಡು ಇಂಟರ್‌ಫೇಸ್‌ಗಳನ್ನು ಇಂಪ್ಲಿಮೆಂಟ್ ಮಾಡಿದೆ, ಎರಡಕ್ಕೂ ಬೇರೆ ಬೇರೆ ಜನ ಅದೇ ವಾರ್ನ್ ಸೇರಿಸಿದರು ಅಂದುಕೊಳ್ಳಿ. ಹಳೆಯ ಕ್ಲಾಸ್‌ನಲ್ಲಿ ವಾರ್ನ್ ಇಲ್ಲ. ಯಾವುದನ್ನು ಎತ್ತಿಕೊಳ್ಳಬೇಕು ಅಂತ ಜೆವಿಎಂಗೆ ಗೊತ್ತಾಗುವುದಿಲ್ಲ, "ಇನ್‌ಕಂಪ್ಯಾಟಿಬಲ್‌ಕ್ಲಾಸ್‌ಚೇಂಜ್‌ಎರರ್" ಬರುತ್ತದೆ. ಅಪರೂಪ, ಆದರೆ ಮೆಥಡ್‌ಗೆ ತೀರಾ ಸಾಮಾನ್ಯ ಹೆಸರಿಡುವ ಮುಂಚೆ ನೆನಪಿರಲಿ.

[ಸ್ಕ್ರೀನ್ ಮೇಲೆ: ಎಪಿಐ ಫೈಲ್‌ನ ಡಿಫ್, ಡಿಫಾಲ್ಟ್‌ಇಂಪ್ಲ್ಸ್ ಸಾಲಿನ ಮುಂದೆ ಮೈನಸ್]

ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಕಷ್ಟ. ಕೋಟ್ಲಿನ್‌ಗೆ ಬೈನರಿ ಕಂಪ್ಯಾಟಿಬಿಲಿಟಿ ವ್ಯಾಲಿಡೇಟರ್ ಅನ್ನುವ, ಗ್ರೇಡಲ್ ಬಿಲ್ಡ್ ಸಾಧನದ ಪ್ಲಗಿನ್ ಇದೆ. "ಎಪಿಐಡಂಪ್" ಓಡಿಸಿದರೆ ಲೈಬ್ರರಿಯ ಪಬ್ಲಿಕ್ ಕ್ಲಾಸ್, ಮೆಥಡ್‌ಗಳನ್ನೆಲ್ಲ ಒಂದು ಫೈಲ್‌ಗೆ ಬರೆದಿಡುತ್ತದೆ. ಅದನ್ನು ಕೋಡ್ ಜೊತೆಗೇ ಕಮಿಟ್ ಮಾಡಿ. ಆಮೇಲೆ "ಎಪಿಐಚೆಕ್" ಪ್ರತಿ ಬಿಲ್ಡ್‌ನಲ್ಲೂ ಹೋಲಿಸುತ್ತದೆ. ಫ್ಲ್ಯಾಗ್ ಬದಲಾಗಿ ಡಿಫಾಲ್ಟ್‌ಇಂಪ್ಲ್ಸ್ ಮಾಯವಾದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಆ ಮೈನಸ್ ಸಾಲು ಬೇಕೆಂದೇ ಮಾಡಿದ್ದಾದರೆ ಮೇಜರ್ ಆವೃತ್ತಿಯಲ್ಲಿ ಬಿಡಿ, ರಿಲೀಸ್ ನೋಟ್‌ನಲ್ಲಿ "ಮತ್ತೆ ಕಂಪೈಲ್ ಮಾಡಿಕೊಳ್ಳಿ" ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ.