ಓಕ್ ಪೀಪಾಯಿಯಲ್ಲಿ ಮಾಗುವ ಮರ್ಸೋ

ಕೇಳುಗರಿಗೆ ನಮಸ್ಕಾರ.

ಪೂರ್ವ ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಬೋನ್ ಎಂಬ ಹಳೆಯ ಪೇಟೆ ಇದೆ. ಅದರ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಊರು ಮರ್ಸೋ. ಪೂರ್ವಕ್ಕೆ ಮುಖ ಮಾಡಿದ ಸುಣ್ಣಕಲ್ಲಿನ ಇಳಿಜಾರಿನಲ್ಲಿ ಶಾರ್ಡನೆ ದ್ರಾಕ್ಷಿಯ ಸಾಲುಗಳು. ಇಲ್ಲಿನ ಬಿಳಿ ವೈನ್ ಓಕ್ ಮರದ ಪೀಪಾಯಿಯಲ್ಲೇ ಹುದುಗಿ, ಅದರಲ್ಲೇ ಮಾಗುತ್ತದೆ. ಓಕ್ ಎಂದೊಡನೆ ಹಲವರಿಗೆ ವೆನಿಲ್ಲಾ, ಸುಟ್ಟ ಬ್ರೆಡ್ಡು ನೆನಪಾಗುತ್ತವೆ. ಆ ಪರಿಮಳಕ್ಕಿಂತ ದೊಡ್ಡ ಕೆಲಸವೊಂದನ್ನು ಮರ ಅಲ್ಲಿ ಸದ್ದಿಲ್ಲದೆ ಮಾಡುತ್ತದೆ. ನನಗೆ ಹೇಳಬೇಕೆನಿಸಿರುವುದು ಅದನ್ನೇ.

ಮೊದಲು ಮರದ ವಿಷಯ. ಮಧ್ಯ ಫ್ರಾನ್ಸಿನಲ್ಲಿ ಟ್ರೋನ್ಸೆ ಎಂಬ ಕಾಡಿದೆ. ಹದಿನೇಳನೆಯ ಶತಮಾನದಲ್ಲಿ ದೊರೆ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೆರ್, ನೌಕಾಪಡೆಯ ಹಡಗುಗಳಿಗೆ ಮರ ಬೇಕೆಂದು ಅಲ್ಲಿ ಓಕ್ ಬೆಳೆಸುವ ಏರ್ಪಾಡು ಮಾಡಿದ. ಆ ಮರಗಳು ಬಲಿಯುವ ಹೊತ್ತಿಗೆ ಹಡಗುಗಳೇ ಕಬ್ಬಿಣದವಾದವು. ಕಾಡು ವೈನಿನ ಪಾಲಿಗೆ ಉಳಿಯಿತು. ಒತ್ತಾಗಿ ನೆಟ್ಟ ಗಿಡಗಳು ಬೆಳಕಿಗಾಗಿ ನೆಟ್ಟಗೆ, ನಿಧಾನವಾಗಿ ಏರುತ್ತವೆ, ಹಾಗಾಗಿ ಅವುಗಳ ಎಳೆ ಸಣ್ಣದು. ಪೀಪಾಯಿಗೆಂದು ಕಡಿಯುವ ಮರಕ್ಕೆ ನೂರೈವತ್ತು, ಇನ್ನೂರು ವರ್ಷ ವಯಸ್ಸಾಗಿರುತ್ತದೆ. ಅದನ್ನು ನೆಟ್ಟವರು ಯಾರೂ ಅದರ ವೈನ್ ಕುಡಿದವರಲ್ಲ.

ಫ್ರೆಂಚ್ ಓಕನ್ನು ಗರಗಸದಿಂದ ಅಡ್ಡಾದಿಡ್ಡಿ ಕೊಯ್ದರೆ ಪೀಪಾಯಿ ಸೋರುತ್ತದೆ. ಆದ್ದರಿಂದ ದಿಮ್ಮಿಯನ್ನು ಎಳೆಯ ಗುಂಟ ಸೀಳುತ್ತಾರೆ. ಇದರಿಂದ ಬಹಳಷ್ಟು ಮರ ಪೀಪಾಯಿಗೆ ಒದಗದೆ ಹೋಗುತ್ತದೆ, ಬೆಲೆಯೂ ಏರುತ್ತದೆ. ಸೀಳಿದ ಹಲಗೆಗಳು ಎರಡು ಮೂರು ವರ್ಷ ಬಯಲಿನಲ್ಲಿ ಮಳೆ ಬಿಸಿಲುಗಳಿಗೆ ಒಡ್ಡಿಕೊಂಡು ತಮ್ಮ ಒಗರನ್ನು ಕಳೆದುಕೊಳ್ಳುತ್ತವೆ. ಆಮೇಲೆ ಬಡಗಿ ಅವುಗಳನ್ನು ಬೆಂಕಿಯ ಸುತ್ತ ನಿಲ್ಲಿಸಿ, ಬಿಸಿಯಲ್ಲಿ ಬಗ್ಗಿಸಿ, ಕಬ್ಬಿಣದ ಬಳೆ ತೊಡಿಸುತ್ತಾನೆ. ಅಂಟಿಲ್ಲ, ಮೊಳೆಯಿಲ್ಲ. ಬರ್ಗಂಡಿಯ ಪೀಪಾಯಿ ಹಿಡಿಯುವುದು 228 ಲೀಟರ್.

ದ್ರಾಕ್ಷಿ ರಸ ಇದರೊಳಗೆ ಹುದುಗಿದ ಮೇಲೆ, ಕೆಲಸ ಮುಗಿಸಿದ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ. ಆ ಗಸಿಯನ್ನು ಎಸೆಯುವುದಿಲ್ಲ. ತಿಂಗಳುಗಟ್ಟಲೆ ವೈನನ್ನು ಅದರ ಮೇಲೆಯೇ ಇರಿಸಿ, ಆಗಾಗ ಕೋಲಿನಿಂದ ಕಲಕುವುದೂ ಉಂಟು. ವೈನಿಗೆ ಮೈ ತುಂಬುವುದು ಅದರಿಂದ. ಜೊತೆಗೆ ಬ್ಯಾಕ್ಟೀರಿಯಾಗಳು ಹಸಿರು ಸೇಬಿನಲ್ಲಿರುವಂತಹ ಚುರುಕು ಹುಳಿಯನ್ನು ಮೊಸರಿನಲ್ಲಿರುವ ಸೌಮ್ಯ ಹುಳಿಯಾಗಿ ಬದಲಿಸುತ್ತವೆ. ಮರ್ಸೋದಲ್ಲಿ ಬೆಣ್ಣೆಯ ಸುಳಿವು ಸಿಕ್ಕರೆ ಅದು ಈ ಬದಲಾವಣೆಯಿಂದ ಬಂದದ್ದು, ಮರದಿಂದಲ್ಲ. ಇಷ್ಟೆಲ್ಲ ನಡೆಯುವಾಗ ಮರ ಹಲಗೆಯ ಮೂಲಕ ತುಸು ತುಸುವೇ ಗಾಳಿಯನ್ನು ಒಳಗೆ ಬಿಡುತ್ತಿರುತ್ತದೆ. ವೈನ್ ಕೂಡ ಆವಿಯಾಗಿ ಇಳಿಯುತ್ತದೆ, ಇಳಿದಷ್ಟನ್ನು ಮತ್ತೆ ತುಂಬುತ್ತಿರಬೇಕು. ಉಸಿರಾಡುತ್ತಾ ಬೆಳೆದ ವೈನಿಗೆ ಬರುವ ದುಂಡುತನ ಸ್ಟೀಲ್ ತೊಟ್ಟಿಯಲ್ಲಿ ಬರುವುದು ಕಷ್ಟ.

ಪೀಪಾಯಿಗಳೆಲ್ಲ ಹೊಸದಾದರೆ ಮರದ ವಾಸನೆಯೇ ಮುಂದಾಗುತ್ತದೆ. ನಾಲ್ಕಾರು ಸುಗ್ಗಿ ಕಂಡ ಪೀಪಾಯಿಯಲ್ಲಿ ಪರಿಮಳ ಅಷ್ಟಾಗಿ ಉಳಿದಿರುವುದಿಲ್ಲ, ಉಸಿರಾಟ ಮಾತ್ರ ಉಳಿದಿರುತ್ತದೆ. ಆದ್ದರಿಂದಲೇ ಜಾಣ ರೈತರು ಹೊಸದನ್ನೂ ಹಳೆಯದನ್ನೂ ಬೆರೆಸಿ ಬಳಸುತ್ತಾರೆ. ಹಿಂದೊಮ್ಮೆ ಜಗತ್ತಿನ ಹಲವೆಡೆ ಶಾರ್ಡನೆಗೆ ಓಕ್ ಸುರಿದು, ಹಣ್ಣಿನ ರುಚಿಯೇ ಅಡಗಿಹೋಯಿತು. ಅದನ್ನು ನಾನು ದ್ರಾಕ್ಷಿಗೆ ಮಾಡಿದ ಅನ್ಯಾಯವೆಂದೇ ಎಣಿಸುತ್ತೇನೆ. ಹಾಗೆಂದು ಬರ್ಗಂಡಿಯವರು ಮಾತ್ರ ಬಲ್ಲವರೆಂದಲ್ಲ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮರೆಮಾಡಿ ರುಚಿ ನೋಡಿದಾಗ, ಬಿಳಿ ವೈನುಗಳಲ್ಲಿ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ಶಾರ್ಡನೆಗೆ ಸಿಕ್ಕಿತು. ಎರಡನೆಯದು ಮರ್ಸೋದ ಶಾರ್ಮ್ ತೋಟದ್ದು. ತೀರ್ಪು ಕೊಟ್ಟವರು ಫ್ರೆಂಚರೇ.

ತೋಟ ಎಂದಾಗ ಒಂದು ಮಾತು. ಈ ಇಳಿಜಾರನ್ನು ಕ್ಲಿಮಾ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಹೆಸರಿಟ್ಟು ವಿಂಗಡಿಸಿದ್ದಾರೆ. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದ ಸನ್ಯಾಸಿಗಳು ಬರ್ಗಂಡಿಯ ಮಣ್ಣಿನ ಭೇದಗಳನ್ನು ಗುರುತಿಸುವುದರಲ್ಲಿ ಮುಂದಿದ್ದವರು. ಈ ತುಂಡುಗಳಿಗೆ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ಮರ್ಸೋದ ಪೆರಿಯೇರ್ ಎಂಬ ತೋಟದ ಹೆಸರಿಗೆ ಕಲ್ಲಿನ ಗಣಿಯೇ ಮೂಲ. ಅಲ್ಲಿನ ವೈನ್ ಬಿಗಿ, ಕಲ್ಲಿನ ತಂಪು ನೆನಪಿಸುವಂಥದ್ದು. ಅದರ ಕೆಳಗಿನ ಶಾರ್ಮ್ ಮೃದು. ದ್ರಾಕ್ಷಿ ಒಂದೇ, ಮರವೂ ಒಂದೇ, ಆದರೂ ರುಚಿ ಬೇರೆ. ಮರ ತಗ್ಗಿ ನಡೆದಾಗ ಮಾತ್ರ ಈ ವ್ಯತ್ಯಾಸ ನಾಲಿಗೆಗೆ ಸಿಗುತ್ತದೆ.

ಈ ವೈನ್ ಸವಿಯುವವರಿಗೆ ಒಂದು ಸಲಹೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯಬೇಡಿ. ಅತಿ ತಣ್ಣಗಿದ್ದರೆ ಹುಳಿಯೊಂದೇ ಕಾಣುತ್ತದೆ. ಹನ್ನೆರಡು ಡಿಗ್ರಿಯ ಹತ್ತಿರಕ್ಕೆ ಬಂದಾಗ ಬಾದಾಮಿ, ನಿಂಬೆಯ ಸಿಪ್ಪೆ, ಜೇನು ಒಂದೊಂದಾಗಿ ಎದ್ದು ಬರುತ್ತವೆ, ಮರ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ನಮಸ್ಕಾರ.