ಜ್ವರ ಇಳಿದ ನಂತರದ ಮೂರು ತಿಂಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ದಂಪತಿಗೆ ಮಕ್ಕಳಾಗಲಿಲ್ಲವೆಂದರೆ ಪರೀಕ್ಷೆಗಳು ಬಹುಪಾಲು ಹೆಂಡತಿಯಿಂದಲೇ ಆರಂಭವಾಗುತ್ತವೆ. ಗಂಡನ ಸರದಿ ಬರುವ ಹೊತ್ತಿಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದಿರುತ್ತವೆ. ಇದು ಅನ್ಯಾಯ. ಇಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯಿಂದಲೂ ಒಂದಲ್ಲ ಒಂದು ಕಾರಣವಿರುತ್ತದೆ. ಆ ಗಂಡನನ್ನು ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಕಳೆದ ಮೂರು ತಿಂಗಳಲ್ಲಿ ನಿಮಗೆ ಜ್ವರ ಬಂದಿತ್ತೇ?

ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು 70ರಿಂದ 75 ದಿನಗಳು ಬೇಕು. ಅದು ಮಾಗಿ, ಈಜುವ ಶಕ್ತಿ ಪಡೆದು ಹೊರಬರಲು ಇನ್ನೂ ಒಂದೆರಡು ವಾರ ಹಿಡಿಯುತ್ತದೆ. ಹಾಗಾಗಿ ಇಂದು ಕೈಗೆ ಬಂದ ವೀರ್ಯ ಪರೀಕ್ಷೆಯ ವರದಿಯಲ್ಲಿ ಕಾಣುವುದು ಹಿಂದಿನ ಮೂರು ತಿಂಗಳಲ್ಲಿ ದೇಹ ಅನುಭವಿಸಿದ್ದು. ಈ ಕೆಲಸ ಸರಿಯಾಗಿ ನಡೆಯಬೇಕಾದರೆ ವೃಷಣ ದೇಹದ ಉಳಿದ ಭಾಗಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕು. ಫ್ಲೂ ಇರಲಿ, ಡೆಂಗಿ ಇರಲಿ, ಕೋವಿಡ್ ಇರಲಿ, ಕೆಲವು ದಿನ ಮೈ ಸುಡುವಂತೆ ಜ್ವರ ಬಂದರೆ ಆ ತಂಪು ಕೆಡುತ್ತದೆ. ವೈರಸ್ ವೃಷಣವನ್ನು ಮುಟ್ಟಲೇಬೇಕೆಂದಿಲ್ಲ, ಬಿಸಿಯೇ ಸಾಕು. ಜ್ವರ ಇಳಿದು, ರೋಗಿ ಅದನ್ನು ಮರೆತೂ ಬಿಟ್ಟ ಮೇಲೆ ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ, ಚಲನೆ ಮಂದವಾಗುತ್ತದೆ. ಬಹುತೇಕರಲ್ಲಿ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಸುಧಾರಿಸುತ್ತದೆ. ಈ ನಡುವಿನ ಅವಧಿಯಲ್ಲಿ ಮಾಡಿಸಿದ ಒಂದೇ ಒಂದು ಪರೀಕ್ಷೆಯನ್ನು ನಂಬಿ ಕುಗ್ಗಿಹೋದ ಗಂಡಸರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ವೃಷಣವನ್ನೇ ನೇರವಾಗಿ ಹೊಕ್ಕು ಹಾನಿ ಮಾಡುವ ವೈರಸ್‌ಗಳೂ ಇವೆ. ಅವುಗಳಲ್ಲಿ ಹೆಸರಾದದ್ದು ಮಂಗನಬಾವಿನದು. ಚಿಕ್ಕ ಮಗುವಿಗೆ ಬಂದರೆ ಕೆನ್ನೆ ಊದಿ, ಕೆಲವು ದಿನ ಕಾಡಿ ಹೋಗುತ್ತದೆ. ಪ್ರಾಯಕ್ಕೆ ಬಂದ ಮೇಲೆ, ಲಸಿಕೆ ಪಡೆಯದವರಿಗೆ ಬಂದರೆ ಮಾತ್ರ ಬೇರೆಯೇ ಸಂಗತಿ. ಅಂಥವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ವೃಷಣದ ಉರಿಯೂತ ಆಗಬಹುದು. ಕೆನ್ನೆ ಊದಿಕೊಂಡ ಸುಮಾರು ಒಂದು ವಾರದೊಳಗೆ ವೃಷಣ ಬಾತು, ಮುಟ್ಟಲಾಗದಷ್ಟು ನೋವಾಗುತ್ತದೆ, ಚಳಿಜ್ವರ ಮರಳುತ್ತದೆ. ಗಟ್ಟಿಯಾದ ಹೊರಪದರದೊಳಗೆ ಊತಕ್ಕೆ ಹಿಗ್ಗಲು ಜಾಗವಿಲ್ಲದೆ ಒಳಗಿನ ಅಂಗಾಂಶ ನಲುಗುತ್ತದೆ. ಹೀಗೆ ಬಾಧೆಗೊಂಡ ವೃಷಣ ಮುಂದೆ ಸ್ವಲ್ಪ ಕುಗ್ಗುವುದು ಅಪರೂಪವೇನಲ್ಲ. ಆದರೆ ಮಂಗನಬಾವು ಬಂದವನಿಗೆ ಮಕ್ಕಳೇ ಆಗುವುದಿಲ್ಲ ಎಂಬ ಮಾತು ಸುಳ್ಳು. ಹೆಚ್ಚಿನವರಲ್ಲಿ ಒಂದೇ ಕಡೆಯ ವೃಷಣಕ್ಕೆ ತೊಂದರೆಯಾಗುತ್ತದೆ, ಇನ್ನೊಂದು ತನ್ನ ಕೆಲಸ ಮುಂದುವರಿಸುತ್ತದೆ. ಎರಡಕ್ಕೂ ತಗುಲಿದಾಗಲೂ ಪೂರ್ಣ ಬಂಜೆತನ ವಿರಳ. ಇದಕ್ಕೆ ಲಸಿಕೆ 1967ರಿಂದಲೂ ಇದೆ. ಮಗುವಾಗಿದ್ದಾಗ ಪಡೆಯದವರು ದೊಡ್ಡವರಾದ ಮೇಲೂ ವೈದ್ಯರನ್ನು ಕೇಳಿ ಪಡೆಯಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ವೃಷಣದಲ್ಲಿ ಹಠಾತ್ತಾಗಿ ನೋವು ಬಂದರೆ ಅದು ಸೋಂಕೇ ಎಂದು ನೀವೇ ತೀರ್ಮಾನಿಸಬೇಡಿ. ವೃಷಣ ತಿರುಚಿಕೊಂಡು ರಕ್ತ ಸಂಚಾರ ನಿಂತಾಗಲೂ ಹೀಗೆಯೇ ನೋಯುತ್ತದೆ. ಆಗ ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ವೃಷಣವನ್ನೇ ಕಳೆದುಕೊಳ್ಳುವ ಅಪಾಯವಿದೆ. ನಾಚಿಕೆಯಿಂದ ಬೆಳಗಾಗಲಿ ಎಂದು ಕಾಯುವ ಹದಿಹರೆಯದ ಹುಡುಗರೇ ಇದಕ್ಕೆ ಹೆಚ್ಚು ಬಲಿಯಾಗುತ್ತಾರೆ. ಮಗ ಕೆಳಗೆ ನೋವೆಂದರೆ ಗದರದೆ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು, ರೋಗ ವಾಸಿಯಾದ ಮೇಲೂ ವೃಷಣದಲ್ಲಿ ಉಳಿದುಕೊಳ್ಳುವ ವೈರಸ್‌ಗಳಿವೆ. ವೀರ್ಯಾಣುಗಳು ಹುಟ್ಟುವುದು ಪ್ರಾಯ ಬಂದ ಮೇಲೆ. ಅವುಗಳನ್ನು ಪರಕೀಯವೆಂದು ತಿಳಿದು ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾಳಿ ಮಾಡದಂತೆ ರಕ್ತಕ್ಕೂ ಅವುಗಳಿಗೂ ನಡುವೆ ಜೀವಕೋಶಗಳ ತಡೆಗೋಡೆಯಿದೆ. ಒಳಸೇರಿದ ವೈರಸ್‌ಗೂ ಅದೇ ಗೋಡೆ ಆಸರೆಯಾಗುತ್ತದೆ. ಎಬೋಲಾದಿಂದ ಚೇತರಿಸಿಕೊಂಡ ಕೆಲವು ಗಂಡಸರ ವೀರ್ಯದಲ್ಲಿ ಒಂದು ವರ್ಷ ಮೀರಿದ ಮೇಲೂ ಅದರ ಕುರುಹು ಸಿಕ್ಕಿದೆ. ಝಿಕಾ ಹರಡಿರುವ ಪ್ರದೇಶದಿಂದ ಮರಳಿದ ಗಂಡಸರು ಮೂರು ತಿಂಗಳು ಕಾಂಡೋಮ್ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣಕ್ಕೆ. ಎಚ್‌ಐವಿ ಇರುವವರು ತಪ್ಪದೆ ಔಷಧ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಅದು ಹರಡುವುದಿಲ್ಲ. ವೈದ್ಯರ ಮಾರ್ಗದರ್ಶನದಲ್ಲಿ ಅವರೂ ತಂದೆಯಾಗಬಹುದು. ಕೋವಿಡ್ ಲಸಿಕೆಯಿಂದ ಗಂಡಸುತನ ಹೋಗುತ್ತದೆ ಎಂಬ ವದಂತಿ ನಿರಾಧಾರ. ವೀರ್ಯಾಣುಗಳ ಸಂಖ್ಯೆಯನ್ನು ತಾತ್ಕಾಲಿಕವಾಗಿ ತಗ್ಗಿಸುವುದು ಕೋವಿಡ್ ಜ್ವರವೇ ಹೊರತು ಲಸಿಕೆಯಲ್ಲ.

ಪರೀಕ್ಷೆಗೆ ಹೋಗುವವರು ದೊಡ್ಡ ಜ್ವರ ಬಂದು ಹೋದ ಮೂರು ತಿಂಗಳ ನಂತರ ಹೋಗುವುದು ಒಳ್ಳೆಯದು. ಅದಕ್ಕೆ ಮೊದಲೇ ಮಾಡಿಸಬೇಕಾಗಿ ಬಂದರೆ ಜ್ವರದ ವಿಷಯವನ್ನು ವೈದ್ಯರಿಗೆ ತಿಳಿಸಿ. ಮಾದರಿ ಕೊಡುವ ಮೊದಲು ಎರಡರಿಂದ ಏಳು ದಿನ ಸ್ಖಲನವಾಗಿರಬಾರದು. ಫಲಿತಾಂಶ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. ಶಕ್ತಿ ಮರಳಲೆಂದು ಟೆಸ್ಟೋಸ್ಟಿರಾನ್ ಚುಚ್ಚುಮದ್ದನ್ನು ಮಾತ್ರ ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬೇಡಿ. ಹೊರಗಿನಿಂದ ಹಾರ್ಮೋನ್ ಸಿಕ್ಕಿದೊಡನೆ ಮೆದುಳು ವೃಷಣಕ್ಕೆ ಸಂಕೇತ ಕಳಿಸುವುದನ್ನು ನಿಲ್ಲಿಸುತ್ತದೆ, ಇದ್ದ ವೀರ್ಯಾಣುಗಳ ಉತ್ಪತ್ತಿಯೂ ಕುಸಿಯುತ್ತದೆ.

ನಮಸ್ಕಾರ.