ಹಳ್ಳಕ್ಕೆ ಗೋಡೆ ಬೇಡ, ಮೊದಲು ನೀರಿನ ಓಟ ತಗ್ಗಿಸಿ

ನಮಸ್ಕಾರ. ಇವತ್ತು ಹೂಳಿನ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೆ, ಅದನ್ನು ಮುಂದಕ್ಕೆ ಹಾಕಿದ್ದೇನೆ. ಕಾರಣ ಒಂದು ಕಾಮೆಂಟ್. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಇಷ್ಟೆಲ್ಲ ಯಾಕೆ ಸಾರ್? ಹಳ್ಳದ ಎರಡೂ ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ, ತಳಕ್ಕೂ ಕಾಂಕ್ರೀಟ್ ಹಾಕಿ. ಕೊರೆತ ನಿಲ್ಲುತ್ತೆ, ನೀರೂ ಕ್ಲೀನ್ ಆಗುತ್ತೆ." ಅದಕ್ಕೆ ಸಿಕ್ಕಾಪಟ್ಟೆ ಲೈಕ್ ಬೇರೆ! ಓದಿ ಸುಮ್ಮನಿರೋಕೆ ಆಗಲಿಲ್ಲ.

ಸ್ವಾಮಿ, ಹಳ್ಳ ಕೊರೆದು ಹೋಗ್ತಿರೋದಕ್ಕೆ ಕಾರಣ ಹಳ್ಳದಲ್ಲಿ ಇಲ್ಲ. ಮೇಲೆ ಇದೆ. ಚಾವಣಿ, ರಸ್ತೆ, ಪಾರ್ಕಿಂಗ್ ಜಾಗ, ಇವೆಲ್ಲದರಿಂದ ಒಂದೇ ಸಲಕ್ಕೆ ನುಗ್ಗಿ ಬರುವ ಮಳೆ ನೀರಿನ ಓಟ ಇದೆಯಲ್ಲ, ಕೊರೆಯುತ್ತಿರೋದು ಅದು. ಆ ಓಟ ತಗ್ಗಿಸದೆ ಹಳ್ಳದಲ್ಲಿ ಏನೇ ಮಾಡಿದರೂ ಅದು ದುರಸ್ತಿ ಅಲ್ಲ.

ಸರಳ ಲೆಕ್ಕ ನೋಡಿ. 100 ಚದರ ಮೀಟರ್ ಚಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಗಿಡ ಮರ ಇರುವ ಮಣ್ಣಿನ ನೆಲವಾದರೆ ಅದರಲ್ಲಿ ಬಹುಪಾಲು ಇಂಗುತ್ತಿತ್ತು, ಉಳಿದದ್ದು ನಿಧಾನಕ್ಕೆ ಹರಿಯುತ್ತಿತ್ತು. ಚಾವಣಿಯಲ್ಲಿ ಇಂಗೋಕೆ ಜಾಗ ಎಲ್ಲಿ? ಪೈಪಿಗೆ ಇಳಿದು, ಚರಂಡಿ ಸೇರಿ, ಕೆಲವೇ ನಿಮಿಷಕ್ಕೆ ಹಳ್ಳಕ್ಕೆ ಬೀಳುತ್ತೆ. ಇಡೀ ಬಡಾವಣೆಯ ನೀರೆಲ್ಲ ಒಟ್ಟಿಗೆ ಬಂದರೆ? ನೀರಿನ ವೇಗ ಎರಡು ಪಟ್ಟಾದರೆ ಅದು ತಳವನ್ನು ಎಳೆಯುವ ಬಲ ಸುಮಾರು ನಾಲ್ಕು ಪಟ್ಟಾಗುತ್ತೆ. ಮೊದಲು ಹಳ್ಳದ ತಳ ಕೊರೆದು ಆಳವಾಗುತ್ತೆ. ಆಮೇಲೆ ದಡ ಎತ್ತರವಾಗಿ, ಕಡಿದಾಗಿ, ತನ್ನ ಭಾರಕ್ಕೆ ತಾನೇ ಕುಸಿಯುತ್ತೆ.

ಜೋರು ಮಳೆ ನಿಂತ ಮೇಲೆ ಇಂಥ ಹಳ್ಳದ ಪಕ್ಕ ಒಮ್ಮೆ ನಿಂತು ನೋಡಿ. ದಡ ಗುದ್ದಲಿಯಲ್ಲಿ ಕಡಿದಂತೆ ನೆಟ್ಟಗಿರುತ್ತೆ. ಮರದ ಬೇರು ಗಾಳಿಯಲ್ಲಿ ಜೋತಾಡುತ್ತಿರುತ್ತೆ. ದಡದ ಬುಡದಲ್ಲಿ ನೀರು ಒಳಗೆ ಕೊರೆದು ಪೊಟರೆ ಮಾಡಿರುತ್ತೆ. ಎಷ್ಟೋ ಸಲ ದಡ ಬೀಳೋದು ಹಳ್ಳ ತುಂಬಿ ಹರಿಯುವಾಗ ಅಲ್ಲ, ನೀರು ಇಳಿದ ಮೇಲೆ. ನೀರು ಕುಡಿದ ಮಣ್ಣು ಭಾರವಾಗಿರುತ್ತೆ, ಹೊರಗಿನಿಂದ ಒತ್ತಿ ಹಿಡಿದಿದ್ದ ನೀರು ಇಳಿದು ಹೋಗಿರುತ್ತೆ. ದೊಡ್ಡದೊಂದು ಹೆಂಟೆ ಧೊಪ್ಪನೆ ಬೀಳುತ್ತೆ.

ಆ ಹೆಂಟೆಯೇ ಮಾಲಿನ್ಯ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗೋದಿಲ್ಲ. ನೀರು ಕೆಟ್ಟಿದೆ ಅಂದ ಕೂಡಲೇ ಎಲ್ಲರೂ ಕಾರ್ಖಾನೆ, ಪ್ಲಾಸ್ಟಿಕ್ ಅಂತ ಹುಡುಕುತ್ತಾರೆ. ಆದರೆ ಕುಸಿದ ದಡದ ನುಣ್ಣನೆ ಮಣ್ಣಿನ ಕಣಕ್ಕೆ ರಂಜಕ ಅಂಟಿಕೊಂಡಿರುತ್ತೆ, ಅದೇ ಕೆಳಗಿನ ಕೆರೆಗೆ ಹೋಗಿ ಪಾಚಿಗೆ ಗೊಬ್ಬರವಾಗುತ್ತೆ. ನೀರು ಬಗ್ಗಡವಾದರೆ ಬಿಸಿಲು ಒಳಗೆ ಇಳಿಯೋದಿಲ್ಲ. ತಳದ ಕಲ್ಲುಗಳ ಸಂದಿಯಲ್ಲಿ ಹುಳ ಹುಪ್ಪಟೆ ಬದುಕುತ್ತವೆ, ಮೀನು ಮೊಟ್ಟೆ ಇಡುತ್ತೆ. ಹೂಳು ಆ ಸಂದಿಯನ್ನೇ ಮುಚ್ಚಿಬಿಡುತ್ತೆ.

ಇನ್ನೂ ಒಂದು ನಷ್ಟ ಇದೆ, ಅದು ಕಣ್ಣಿಗೆ ಕಾಣೋದಿಲ್ಲ. ಹಳ್ಳದ ತಳ ಆಳಕ್ಕೆ ಇಳಿದರೆ ಪಕ್ಕದ ನೆಲದ ಅಂತರ್ಜಲವೂ ಅದರ ಜೊತೆ ಇಳಿಯುತ್ತೆ. ಬೇರು, ಕೊಳೆತ ಎಲೆ ಇರುವ ಮೇಲಿನ ಮಣ್ಣಿನಲ್ಲಿ, ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟನ್ನು ಮುರಿದು ಸಾರಜನಕವಾಗಿ ಗಾಳಿಗೆ ಬಿಡುವ ಬ್ಯಾಕ್ಟೀರಿಯಾ ಇರುತ್ತವೆ. ಪುಕ್ಕಟೆ ಶುದ್ಧೀಕರಣ ಘಟಕ! ಆದರೆ ನೀರು ಆ ಪದರದ ಕೆಳಗೆ ಹಾದುಹೋದರೆ ಅವಕ್ಕೆ ಕೆಲಸವೇ ಇಲ್ಲ. ಅಮೆರಿಕದ ಬಾಲ್ಟಿಮೋರ್ ಹತ್ತಿರದ ಮೈನ್‌ಬ್ಯಾಂಕ್ ರನ್ ಅನ್ನೋ ತೊರೆಯಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ದುರಸ್ತಿಯಲ್ಲಿ ದಡ ತಗ್ಗಿಸಿ, ನೀರು ಪಕ್ಕದ ಬಯಲಿಗೆ ಹರಡುವಂತೆ ಮಾಡಿದ ಕಡೆ ನೈಟ್ರೇಟ್ ಹೆಚ್ಚು ಕಳೆಯಿತು. ದಡ ಎತ್ತರವಾಗಿಯೇ ಉಳಿದ ಕಡೆ ಅಷ್ಟು ಕಳೆಯಲಿಲ್ಲ.

ಈಗ ಹೇಳಿ, ಗೋಡೆ ಕಟ್ಟಿದರೆ ಇದರಲ್ಲಿ ಯಾವುದು ಸರಿಯಾಗುತ್ತೆ?

"ಗೋಡೆ ಕಟ್ಟಿದ ಕಡೆ ಕೊರೆತ ನಿಂತಿದೆಯಲ್ಲ" ಅಂತೀರಿ. ನಿಂತಿದೆ, ಒಪ್ಪಿದೆ. ಗೋಡೆ ಮುಗಿಯುವ ಕಡೆ ಹೋಗಿ ನೋಡಿದ್ದೀರಾ? ನುಣುಪಾದ ಕಾಂಕ್ರೀಟ್ ಮೇಲೆ ನೀರಿಗೆ ತಡೆಯೇ ಇಲ್ಲ, ಇನ್ನೂ ಜೋರಾಗಿ ಓಡುತ್ತೆ. ಗೋಡೆ ಮುಗಿದ ತಕ್ಷಣ ಸಿಗುವ ಮಣ್ಣನ್ನು ಬಗೆದು ಹಾಕುತ್ತೆ. ನಿಮ್ಮ ಸಮಸ್ಯೆಯನ್ನು ಕೆಳಗಿನವರ ತಲೆಗೆ ಕಟ್ಟಿದಿರಿ, ಅಷ್ಟೇ. ತಪ್ಪು ಚಾವಣಿ, ರಸ್ತೆಯದು, ಶಿಕ್ಷೆ ಹಳ್ಳಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಇನ್ನು ಜಾಗ ಇಲ್ಲ ಅನ್ನೋರು. ಸಿಂಗಪುರಕ್ಕಿಂತಲೂ ಜಾಗದ ಬರವಾ ನಿಮಗೆ? ಅಲ್ಲಿನ ಬಿಶಾನ್-ಆಂಗ್ ಮೊ ಕಿಯೊ ಪಾರ್ಕಿನಲ್ಲಿ ಕಲ್ಲಾಂಗ್ ನದಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಅದನ್ನು ಒಡೆದು, 3.2 ಕಿಲೋಮೀಟರ್ ಅಂಕುಡೊಂಕಾಗಿ ಹರಿಯುವ ನದಿ ಮಾಡಿ 2012ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ದಡಕ್ಕೆ ಗಿಡ, ಕಲ್ಲು, ಬೇರು. ಮಳೆ ಜೋರಾದಾಗ ನೀರು ಪಾರ್ಕಿನ ಹುಲ್ಲಿನ ಮೇಲೆ ಹರಡುತ್ತೆ, ಆಮೇಲೆ ಇಳಿಯುತ್ತೆ. ಅವರು ಕಾಂಕ್ರೀಟ್ ಕಿತ್ತು ಹಾಕುತ್ತಿದ್ದಾರೆ, ನಾವು ಹಾಕಿಸಿ ಅಂತ ಅರ್ಜಿ ಕೊಡ್ತಿದ್ದೇವೆ!

ಹಾಗಂತ ಗಿಡ ನೆಟ್ಟು ಫೋಟೋ ತೆಗೆಸಿಕೊಂಡರೆ ಮುಗೀತು ಅಂತ ತಿಳಿಯಬೇಡಿ. ಅಮೆರಿಕದಲ್ಲಿ ವಿಜ್ಞಾನಿಗಳ ಒಂದು ತಂಡ 37,000ಕ್ಕೂ ಹೆಚ್ಚು ನದಿ, ತೊರೆ ದುರಸ್ತಿ ಕೆಲಸಗಳ ದಾಖಲೆ ಸೇರಿಸಿ 2005ರಲ್ಲಿ ಪ್ರಕಟಿಸಿತು. ಕೆಲಸ ಆದಮೇಲೆ ಫಲ ಸಿಕ್ಕಿತಾ ಅಂತ ಗಮನಿಸಿದ ಸುಳಿವು ಇದ್ದದ್ದು ಶೇಕಡಾ 10ರಷ್ಟರಲ್ಲಿ ಮಾತ್ರ. ಮಿಕ್ಕವರು ದುಡ್ಡು ಸುರಿದರು, ರಿಬ್ಬನ್ ಕತ್ತರಿಸಿದರು, ಹೋದರು. ಮೇಲಿನ ನೀರಿನ ಓಟ ಹಾಗೇ ಇದ್ದರೆ ನೆಟ್ಟ ಗಿಡವೂ ಹೋಗುತ್ತೆ, ಇಟ್ಟ ಕಲ್ಲೂ ಹೋಗುತ್ತೆ.

ಆದ್ದರಿಂದಲೇ ಮೆಲ್ಬರ್ನಿನವರು ಮಾಡಿದ್ದು ನನಗೆ ತುಂಬ ಇಷ್ಟ. ಲಿಟಲ್ ಸ್ಟ್ರಿಂಗಿಬಾರ್ಕ್ ಅನ್ನೋ ಸಣ್ಣ ತೊರೆ. ಅಲ್ಲಿನ ಸಂಶೋಧಕರು ತೊರೆಯನ್ನು ಸರಿಮಾಡೋಕೆ ತೊರೆಗೆ ಇಳಿಯಲಿಲ್ಲ. ಮನೆಮನೆಗೆ ಮಳೆ ನೀರಿನ ಟ್ಯಾಂಕ್ ಇಡಿಸಿದರು, ಅಂಗಳದಲ್ಲಿ, ರಸ್ತೆ ಬದಿಯಲ್ಲಿ ನೀರು ಇಂಗುವ ಮಳೆ ತೋಟ ಮಾಡಿಸಿದರು. ಅಲ್ಲೊಂದು ಇಲ್ಲೊಂದು ಅಂತ ಹರಡಿದ ಈ ಸಣ್ಣ ಸಣ್ಣ ಕೆಲಸದಿಂದ ತೊರೆಯ ನೀರಿನ ಗುಣಮಟ್ಟ ಸುಧಾರಿಸಿತು. ಮೇಲೆ ನೀರು ಹಿಡಿದರು, ಕೆಳಗೆ ತೊರೆಯ ನೀರು ಸುಧಾರಿಸಿತು. ಇದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬರೋದಿಲ್ಲ.

ಮಧ್ಯದಲ್ಲಿ ಒಂದು ಮಾತು. ಈ ಚಾನೆಲ್‌ನಲ್ಲಿ ನೀರಿನ ವಿಚಾರದ್ದೇ ಒಂದು ಪ್ಲೇಲಿಸ್ಟ್ ಇದೆ. ಇಂಗುಗುಂಡಿ ಹೇಗೆ ತೋಡಬೇಕು, ಎಷ್ಟು ಆಳ ಬೇಕು, ಯಾವ ಮಣ್ಣಿಗೆ ಆಗೋದಿಲ್ಲ, ಎಲ್ಲ ಅದರಲ್ಲಿದೆ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದ್ರೆ ಆಗಿಬಿಡಿ, ಪಕ್ಕದ ಮನೆಯವರನ್ನೂ ಮಾಡಿಸಿ. ಅವರ ಚಾವಣಿ ನೀರೂ ಅದೇ ಹಳ್ಳಕ್ಕೆ ತಾನೇ ಹೋಗೋದು?

"ಕೊಳಚೆ ನೀರು ಬಿಡ್ತಾರಲ್ಲ, ಅದರ ಬಗ್ಗೆ ಯಾಕೆ ಮಾತಾಡಲ್ಲ" ಅಂತ ಇನ್ನೊಬ್ಬರು. ಕೊಳಚೆ ನಿಲ್ಲಿಸಲೇಬೇಕು, ಬೇಡ ಅಂದವರು ಯಾರು? ಅದು ನಿಂತರೂ ಮಳೆಗಾಲದಲ್ಲಿ ದಡ ಬೀಳುತ್ತಲೇ ಇರುತ್ತೆ. ಆವಾಗ ಯಾರನ್ನು ಬೈತೀರಿ? "ನೀರು ಹರಡೋಕೆ ಬಿಟ್ಟರೆ ಸೊಳ್ಳೆ" ಅನ್ನೋರು ಬೇರೆ. ಸೊಳ್ಳೆ ಮರಿ ಮಾಡೋದು ದಿನಗಟ್ಟಲೆ ನಿಂತ ನೀರಿನಲ್ಲಿ. ಸರಿಯಾಗಿ ಮಾಡಿದ ಮಳೆ ತೋಟದಲ್ಲಿ ನೀರು ಒಂದೆರಡು ದಿನದೊಳಗೆ ಇಂಗಿ ಹೋಗುತ್ತೆ. ಮುಗೀತು.

ನೀರಿನ ಓಟ ತಗ್ಗಿಸಿ. ಆಮೇಲೆ ದಡ ಇಳಿಜಾರು ಮಾಡಿ, ಬೇರು ಬಿಡುವ ಗಿಡ ಹಾಕಿ, ತಳ ಇನ್ನಷ್ಟು ಇಳಿಯದಂತೆ ಅಲ್ಲಲ್ಲಿ ಕಲ್ಲಿನ ಮೆಟ್ಟಿಲು ಕೊಡಿ. ಎಲ್ಲದಕ್ಕೂ ನನ್ನ ಒಪ್ಪಿಗೆ ಇದೆ. ಮೊದಲು ಓಟ! ಜೆಸಿಬಿ ಕರೆಸುವ ಮೊದಲು ಓಟ, ಟೆಂಡರ್ ಕರೆಯುವ ಮೊದಲು ಓಟ. ಇದನ್ನು ಕೇಳಿ ಕೇಳಿ ಬೇಜಾರಾದರೆ ಆಗಲಿ, ಮುಂದಿನ ವಾರವೂ ಹೇಳ್ತೀನಿ.

ನಿಮ್ಮ ಹಳ್ಳಕ್ಕೆ ಗೋಡೆಯ ಯೋಜನೆ ಬಂದಿದ್ದರೆ ಸಭೆಗೆ ಹೋಗಿ ಕೇಳಿ: "ಮೇಲಿಂದ ಬರೋ ಮಳೆ ನೀರಿಗೆ ಏನು ವ್ಯವಸ್ಥೆ ಮಾಡಿದ್ದೀರಿ?" ಬರಹದಲ್ಲಿ ಉತ್ತರ ಕೇಳಿ. ಏನು ಹೇಳಿದರು ಅಂತ ಕೆಳಗೆ ಹಾಕಿ, ಒಂದೊಂದನ್ನೂ ಓದ್ತೀನಿ. ಗೋಡೆ ಅಂದ ಆ ಕಾಮೆಂಟಿನವರೂ ಬನ್ನಿ, ಇನ್ನೂ ವಾದ ಮಾಡೋಣ.